ಮೈಮೇಲಿನ ಎಳ್ಳು, ಉದ್ದು

ಸರ್ಕಾರಿ ನೌಕರಿಗೆ ಸೇರಿದವನ ಸೇವಾ ಪುಸ್ತಕದಲ್ಲಿ ‘ಗುರುತಿನ ಚಿಹ್ನೆಗಳು’ ಎಂಬ ಒಂದು ಕಲಮು ಉಂಟು. ಮನುಷ್ಯನ ವಿದ್ಯೆ, ಗುಣ, ನಡತೆ ಇವುಗಳಲ್ಲಿ ಯಾವುದನ್ನೂ ಪೂರ್ತಿ ನಂಬದ ಕಚೇರಿ ಅವನ ಎಡಗೆನ್ನೆಯ ಕಪ್ಪು ಮಚ್ಚೆಯನ್ನು ಮಾತ್ರ ನಂಬುತ್ತದೆ. ಮದುವೆಯ ಹೆಣ್ಣಿಗೆ ಗಲ್ಲದ ಮೇಲೆ ಎಳ್ಳಿನಷ್ಟು ಮಚ್ಚೆಯಿದ್ದರೆ ಅದು ಲಕ್ಷಣ. ಅದೇ ಮಚ್ಚೆ ಉದ್ದಿನಕಾಳಿನಷ್ಟಾಗಿ ಮೂಗಿನ ತುದಿಯಲ್ಲಿ ಕುಳಿತರೆ ಅವಲಕ್ಷಣ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ, ಮೈಮೇಲೆ ಎಲ್ಲಿ ಗುಳ್ಳೆ ಎದ್ದರೆ ಏನು ಫಲವೆಂಬುದನ್ನು ಹೇಳಲು ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಹೀಗೆ ಜ್ಯೋತಿಷಿ ಓದುತ್ತ ಬಂದದ್ದನ್ನು ವೈದ್ಯನು ಅಳಿಸುತ್ತ ಬಂದಿದ್ದಾನೆ. ಇಂದು ನಗರದ ಯಾವ ಬಡಾವಣೆಗೆ ಹೋದರೂ ಚರ್ಮವೈದ್ಯರ ಒಂದು ಫಲಕ ಕಾಣುತ್ತದೆ. ಒಳಗೆ ಹೋದರೆ ಹತ್ತು ನಿಮಿಷದಲ್ಲಿ ಮಚ್ಚೆಯನ್ನೋ ನರಹುಲಿಯನ್ನೋ ತೆಗೆದು ಕಳುಹಿಸುತ್ತಾರೆ. ಈ ಹತ್ತು ನಿಮಿಷದ ಕೆಲಸದ ಹಿಂದೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ಇತಿಹಾಸವಿದೆ. ರಾಜರ ಯುದ್ಧಗಳಷ್ಟು ಪ್ರಸಿದ್ಧವಲ್ಲವಾದರೂ ಅದರಲ್ಲಿಯೂ ಗೆಲುವು ಸೋಲುಗಳು ಇಲ್ಲದಿಲ್ಲ.

ನಾನು ಕನ್ನಡದ ಮೇಷ್ಟರಾದುದರಿಂದ ಮೊದಲು ಹೆಸರುಗಳ ಮಾತು. ‘ನರಹುಲಿ’ ಎಂಬ ಪದವನ್ನೇ ನೋಡಿ. ಮಾತಿನಲ್ಲಿ ನರವೂ ಉಂಟು, ಹುಲಿಯೂ ಉಂಟು. ವಸ್ತುವಿನಲ್ಲಿ ಎರಡೂ ಇಲ್ಲ. ಸುಶ್ರುತಸಂಹಿತೆ ಹೆಸರಿಡುವುದರಲ್ಲಿ ಇದಕ್ಕಿಂತ ಶಿಸ್ತಿನದು. ಚರ್ಮದ ಮಟ್ಟಕ್ಕೇ ಇದ್ದು, ನೋವಿಲ್ಲದೆ, ಕರಿ ಎಳ್ಳಿನ ಹಾಗೆ ಕಾಣುವುದು ‘ತಿಲಕಾಲಕ’. ಉದ್ದಿನಕಾಳಿನಂತೆ ಕಪ್ಪಾಗಿ ಉಬ್ಬಿ ನಿಂತದ್ದು ‘ಮಷಕ’. ಹುಟ್ಟಿನಿಂದಲೇ ಬಂದದ್ದು ‘ಜತುಮಣಿ’. ಮೊಳೆಯ ಹಾಗೆ ಎದ್ದದ್ದು ‘ಚರ್ಮಕೀಲ’. ಕೀಲವೆಂದರೆ ಮೊಳೆ. ನಮ್ಮ ಹಳ್ಳಿಯವರು ಅಂಗಾಲಿನ ಗಂಟನ್ನು ‘ಆಣಿ’ ಎನ್ನುತ್ತಾರೆ, ಅದೂ ಮೊಳೆಯೇ. ರೋಮನರು ಅದೇ ಕಾಲಿನ ಗಂಟಿಗೆ ‘ಕ್ಲಾವುಸ್’ ಎಂದರು. ಲ್ಯಾಟಿನ್ನಿನಲ್ಲಿ ಅದರ ಅರ್ಥವೂ ಮೊಳೆ. ಒಬ್ಬರನ್ನೊಬ್ಬರು ಕಾಣದ ಮೂರು ನುಡಿಗಳ ಜನಕ್ಕೆ ನಡೆಯುವಾಗ ಒಂದೇ ಬಗೆಯಾಗಿ ಚುಚ್ಚಿತೆಂದು ಕಾಣುತ್ತದೆ.

ಸುಶ್ರುತಸಂಹಿತೆಯಲ್ಲಿ ಇವುಗಳ ಚಿಕಿತ್ಸೆ ಒಂದೇ ಮಾತಿನಲ್ಲಿ ಮುಗಿಯುತ್ತದೆ: ಹೆರೆದು ಎತ್ತಿ, ಆ ಜಾಗವನ್ನು ಕ್ಷಾರದಿಂದಲೋ ಬೆಂಕಿಯಿಂದಲೋ ಮೆಲ್ಲಮೆಲ್ಲನೆ ಸುಡತಕ್ಕದ್ದು. ಆದರೆ ಆ ಕ್ಷಾರವನ್ನು ಮಾಡುವ ಬಗೆಗೆ ಗ್ರಂಥವು ಒಂದು ಇಡೀ ಅಧ್ಯಾಯವನ್ನು ಕೊಟ್ಟಿದೆ. ಮುತ್ತುಗವೇ ಮೊದಲಾದ ಮರಗಳನ್ನು ಸುಟ್ಟು ಬೂದಿ ಮಾಡಬೇಕು. ಬೂದಿಯನ್ನು ಆರುಪಟ್ಟು ನೀರಿನಲ್ಲಿ ಕದಡಿ ಇಪ್ಪತ್ತೊಂದು ಸಲ ಸೋಸಬೇಕು. ಆ ತಿಳಿಯನ್ನು ಕಾಯಿಸಿ, ಸುಟ್ಟ ಸುಣ್ಣಕಲ್ಲು, ಚಿಪ್ಪು, ಶಂಖಗಳನ್ನು ಅದಕ್ಕೆ ಸೇರಿಸಿ, ಕಬ್ಬಿಣದ ಪಾತ್ರೆಯಲ್ಲಿ ಬಾಯಿ ಮುಚ್ಚಿ ಇಡಬೇಕು. ಇಂದಿನ ರಸಾಯನಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ ಬೂದಿಯ ಪೊಟ್ಯಾಸಿಯಂ ಕಾರ್ಬೊನೇಟು ಸುಣ್ಣದೊಡನೆ ಸೇರಿ ಉಗ್ರವಾದ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಆಗುತ್ತದೆ. ಆಚಾರ್ಯ ಪ್ರಫುಲ್ಲಚಂದ್ರ ರಾಯರು ಹಿಂದೂ ರಸಾಯನಶಾಸ್ತ್ರದ ಇತಿಹಾಸವನ್ನು ಬರೆದಾಗ (ಮೊದಲ ಸಂಪುಟ ೧೯೦೨ರಲ್ಲಿ ಹೊರಬಂದಿತು) ಈ ವಿಧಾನವನ್ನು ಮೆಚ್ಚಿ ವಿವರಿಸಿದರು.

ನನಗೆ ಕ್ಷಾರಕ್ಕಿಂತ ಅದರ ಸುತ್ತ ಕಟ್ಟಿರುವ ಬೇಲಿ ಹೆಚ್ಚು ಸ್ವಾರಸ್ಯವಾಗಿ ಕಂಡಿತು. ಹಚ್ಚಿದ ಮೇಲೆ ನೂರು ಅಕ್ಷರಗಳನ್ನು ಉಚ್ಚರಿಸುವಷ್ಟು ಹೊತ್ತು ಕಾಯಬೇಕು. ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಸರಿಯಾಗಿ ಸುಟ್ಟಿದ್ದರೆ ಆ ಜಾಗ ಕಪ್ಪಾಗುತ್ತದೆ. ವಾಗ್ಭಟನು ಇನ್ನೂ ಸೊಗಸಾಗಿ, ಮಾಗಿದ ನೇರಳೆಹಣ್ಣಿನ ಬಣ್ಣ ಬರಬೇಕೆನ್ನುತ್ತಾನೆ. ಆಮೇಲೆ ಹುಳಿಗಂಜಿಯಂಥ ಹುಳಿ ಪದಾರ್ಥದಿಂದ ಅದನ್ನು ತಣಿಸಬೇಕು. ಹುಳಿಯೂ ತೀಕ್ಷ್ಣವಲ್ಲವೆ, ಅದು ಕ್ಷಾರದ ಉರಿಯನ್ನು ಹೇಗೆ ತಣಿಸೀತು ಎಂಬ ಪ್ರಶ್ನೆಯನ್ನೂ ಗ್ರಂಥವೇ ಎತ್ತಿ, ಎರಡೂ ಕೂಡಿದಾಗ ತೀಕ್ಷ್ಣತೆ ಹೋಗಿ ಮಾಧುರ್ಯ ಬರುತ್ತದೆಂದು ಸಮಾಧಾನ ಹೇಳುತ್ತದೆ. ಆಮ್ಲ ಮತ್ತು ಕ್ಷಾರಗಳು ಒಂದನ್ನೊಂದು ಕೊಲ್ಲುತ್ತವೆಂದು ನಮ್ಮ ಹೈಸ್ಕೂಲಿನ ಹುಡುಗರು ಪ್ರಯೋಗಶಾಲೆಯಲ್ಲಿ ಕಲಿಯುವುದು ಇದನ್ನೇ. ಶಿಷ್ಯನು ಮೊದಲು ಮೃದುವಾದ ಮಾಂಸದ ತುಂಡುಗಳ ಮೇಲೆ ಸುಡುವುದನ್ನೂ, ರೋಮವಿರುವ ತೊಗಲಿನ ಮೇಲೆ ಹೆರೆಯುವುದನ್ನೂ ಅಭ್ಯಾಸ ಮಾಡತಕ್ಕದ್ದು. ಮಕ್ಕಳಿಗೆ, ಮುದುಕರಿಗೆ, ಗರ್ಭಿಣಿಯರಿಗೆ, ಹೆದರುವವರಿಗೆ ಕ್ಷಾರ ಕೂಡದು. ಅರಿಯದವನ ಕೈಗೆ ಸಿಕ್ಕರೆ ಅದು ಪ್ರಾಣಕ್ಕೇ ಎರವಾದೀತೆಂಬ ಎಚ್ಚರಿಕೆಯೂ ಇದೆ.

ಕಾಲ ಕಳೆದಂತೆ ಏನಾಯಿತು? ಕ್ಷಾರ ಉಳಿಯಿತು, ಬೇಲಿ ಬಿತ್ತು. ನಾನು ಹುಡುಗನಾಗಿದ್ದಾಗ ನಮ್ಮ ಊರಿನ ಹೆಂಗಸರು ತಾಂಬೂಲದ ಸುಣ್ಣಕ್ಕೆ ಬಟ್ಟೆ ಒಗೆಯುವ ಸೋಡಾ ಬೆರೆಸಿ ಕಡ್ಡಿಯ ತುದಿಯಿಂದ ಮಚ್ಚೆಗೆ ಮುಟ್ಟಿಸುತ್ತಿದ್ದರು. ಇದು ಸುಶ್ರುತನ ಕ್ಷಾರದ ಖಾಸಾ ತಮ್ಮ. ಪೊಟ್ಯಾಸಿಯಂ ಇದ್ದಲ್ಲಿ ಸೋಡಿಯಂ, ಅಷ್ಟೇ ವ್ಯತ್ಯಾಸ. ಆದರೆ ನೂರು ಅಕ್ಷರ ಎಣಿಸುವವರು ಯಾರು? ಹುಳಿಗಂಜಿಯನ್ನು ಹತ್ತಿರ ಇಟ್ಟುಕೊಂಡವರು ಯಾರು? ಮಚ್ಚೆ ಹೋದ ಜಾಗದಲ್ಲಿ ಅದರ ಎರಡರಷ್ಟು ಅಗಲದ ಕಲೆ ಉಳಿದ ಮುಖಗಳನ್ನು ನಾನು ಕಂಡಿದ್ದೇನೆ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಎಣ್ಣೆಯನ್ನು ಹಚ್ಚಿ ಮುಖವೆಲ್ಲ ಬೊಬ್ಬೆ ಎಬ್ಬಿಸಿಕೊಂಡವರೂ ಉಂಟು. ಕತ್ತಿನಲ್ಲಿ ತೊಟ್ಟಿನಿಂದ ಜೋತಾಡುವ ಗಂಟಿಗೆ ಕುದುರೆಯ ಬಾಲದ ಕೂದಲು ಬಿಗಿದು ಕಟ್ಟುವ ಉಪಾಯ ಮಾತ್ರ ಅಷ್ಟು ಕೆಡುಕಿನದಲ್ಲ. ರಕ್ತ ನಿಂತು ಅದು ತಾನಾಗಿ ಒಣಗಿ ಬೀಳುತ್ತದೆ. ಅಲ್ಲಿಯೂ ಕೂದಲು ಚೊಕ್ಕಟವಾಗಿರಬೇಕು, ಕಟ್ಟಿದ್ದು ನಿಜವಾಗಿ ಅಂಥ ಗಂಟೇ ಆಗಿರಬೇಕು.

ಈ ಕಡೆಯ ಮಾತಿನ ಸುಳಿವು ರೋಮಿನ ಸೆಲ್ಸಸ್‌ನಲ್ಲಿ ಸಿಗುತ್ತದೆ. ಕ್ರಿಸ್ತಶಕ ಮೊದಲ ಶತಮಾನದಲ್ಲಿ ಬರೆದು, ೧೪೭೮ರಲ್ಲಿ ಫ್ಲಾರೆನ್ಸಿನಲ್ಲಿ ಅಚ್ಚಾದ ಅವನ ವೈದ್ಯಗ್ರಂಥದಲ್ಲಿ ಚರ್ಮದ ಗಂಟುಗಳ ಜಾತಿಗಳನ್ನು ಬೇರೆಬೇರೆ ಮಾಡಿ ಹೇಳಿದೆ. ಒಂದು ಜಾತಿಯನ್ನು ಕತ್ತರಿಸಿದರೆ ಬೇರು ಉಳಿಯುವುದಿಲ್ಲ, ಅದು ಮತ್ತೆ ಬರುವುದಿಲ್ಲ. ಇನ್ನೊಂದನ್ನು ಕತ್ತರಿಸಿದರೆ ಕೆಳಗೆ ದುಂಡನೆಯ ಬೇರು ಉಳಿದು ಪುನಃ ಚಿಗುರುತ್ತದೆ. ಮೂರನೆಯದರ ಬೇರು ಎಷ್ಟು ಅಗಲವೆಂದರೆ ಕಿತ್ತರೆ ದೊಡ್ಡ ಹುಣ್ಣೇ ಆಗುತ್ತದೆ. ಹೇಗೆ ತೆಗೆಯಬೇಕು ಎಂಬುದಕ್ಕಿಂತ ಯಾವುದನ್ನು ತೆಗೆಯುತ್ತಿದ್ದೇವೆ ಎಂಬ ಪ್ರಶ್ನೆಯನ್ನು ಅವನು ಮುಂದೆ ಇಟ್ಟ. ಅವನ ಜನ ಈ ಗಂಟುಗಳ ಬಗ್ಗೆ ನಾಚಿಕೊಂಡಂತೆ ಕಾಣುವುದಿಲ್ಲ. ಹ್ಯಾನಿಬಲ್ಲನನ್ನು ಕಾಯಿಸಿ ದಣಿಸಿದ ಸೇನಾನಿ ಫೇಬಿಯಸ್‌ನಿಗೆ ತುಟಿಯ ಮೇಲಿದ್ದ ನರಹುಲಿಯಿಂದಲೇ ‘ವೆರುಕೋಸಸ್’ ಎಂಬ ಅಡ್ಡಹೆಸರು ಬಂದು, ಅದು ಇತಿಹಾಸದಲ್ಲಿ ನಿಂತುಹೋಯಿತು.

ನರಹುಲಿಯ ವಿಷಯದಲ್ಲಿ ವೈದ್ಯರಿಗಿಂತ ಮಂತ್ರವಾದಿಗಳು ಹೆಸರು ಗಳಿಸಿದರು. ಇದಕ್ಕೆ ಫ್ರಾನ್ಸಿಸ್ ಬೇಕನ್ನನ ಅನುಭವವೇ ಸಾಕ್ಷಿ. ಪ್ರಯೋಗದಿಂದಲೇ ಸತ್ಯವನ್ನು ತಿಳಿಯಬೇಕೆಂದು ಸಾರಿದ ಬೇಕನ್ನನಿಗೆ ಚಿಕ್ಕಂದಿನಿಂದ ಬೆರಳಿನಲ್ಲಿ ಒಂದು ನರಹುಲಿ ಇತ್ತು. ಹದಿನಾರರ ಹೊತ್ತಿಗೆ ಪ್ಯಾರಿಸ್ಸಿನಲ್ಲಿದ್ದಾಗ ಎರಡೂ ಕೈಗಳಲ್ಲಿ ನೂರರಷ್ಟು ಎದ್ದವು. ಇಂಗ್ಲಿಷ್ ರಾಯಭಾರಿಯ ಹೆಂಡತಿ ಹಂದಿಯ ಕೊಬ್ಬಿನ ತುಂಡಿನಿಂದ ಅವನ್ನೆಲ್ಲ ಉಜ್ಜಿ, ಆ ತುಂಡನ್ನು ಕಿಟಕಿಯ ಕಂಬಕ್ಕೆ ಬಿಸಿಲಿನ ಕಡೆ ಮುಖಮಾಡಿ ಮೊಳೆ ಹೊಡೆದಳು. ಐದು ವಾರದಲ್ಲಿ ಎಲ್ಲವೂ ಮಾಯವಾದವು, ಬಾಲ್ಯದ ಹಳೆಯದೂ ಸೇರಿ. ಹೊಸದಾಗಿ ಬಂದವು ಹೋದದ್ದರಲ್ಲಿ ಆಶ್ಚರ್ಯವಿಲ್ಲ, ಆದರೆ ಅಷ್ಟು ವರ್ಷ ಇದ್ದದ್ದು ಹೋದದ್ದು ಹೇಗೆಂಬುದು ಮನಸ್ಸಿನಲ್ಲಿ ಹಾಗೆಯೇ ಉಳಿದಿದೆಯೆಂದು ಅವನು ಬರೆದಿಟ್ಟಿದ್ದಾನೆ; ಆ ಪುಸ್ತಕ ಅವನು ತೀರಿಕೊಂಡ ಮೇಲೆ ೧೬೨೭ರಲ್ಲಿ ಪ್ರಕಟವಾಯಿತು. ಕೊಬ್ಬು ಕರಗಿದಂತೆ ನರಹುಲಿ ಕರಗಲಿ ಎಂಬ ಭಾವನೆ ನಮಗೆ ಹೊಸದಲ್ಲ. ತಮಿಳುನಾಡಿನ ವೈತ್ತೀಶ್ವರನ್ ಕೋಯಿಲಿನ ಕೊಳದಲ್ಲಿ ಬೆಲ್ಲವನ್ನು ಕರಗಿಸುವ ಹರಕೆಯ ಹಿಂದೆ ಇರುವುದೂ ಇದೇ ಭಾವನೆ.

ಉತ್ತರ ಸಿಕ್ಕಿದ್ದು ೧೯೦೭ರಲ್ಲಿ. ಇಟಲಿಯ ಜುಸೆಪ್ಪೆ ಚುಫೋ ಎಂಬ ವೈದ್ಯ ನರಹುಲಿಯನ್ನು ಅರೆದು, ಬ್ಯಾಕ್ಟೀರಿಯ ಕೂಡ ನುಸುಳದ ಸೋಸುಕದಲ್ಲಿ ಸೋಸಿ, ಆ ರಸವನ್ನು ತನ್ನ ಚರ್ಮಕ್ಕೇ ಚುಚ್ಚಿಕೊಂಡ. ಕೆಲವು ತಿಂಗಳ ಮೇಲೆ ಅಲ್ಲಿ ನರಹುಲಿ ಹುಟ್ಟಿತು. ಅದು ಅಂಟುರೋಗ, ಅದರ ಬೀಜ ಬ್ಯಾಕ್ಟೀರಿಯಕ್ಕಿಂತಲೂ ಸಣ್ಣದು ಎಂಬುದು ಹೀಗೆ ಸಿದ್ಧವಾಯಿತು. ಆ ವೈರಸ್ಸಿನ ಕುಲದಲ್ಲಿ ಇನ್ನೂರಕ್ಕೂ ಹೆಚ್ಚು ಬಗೆಗಳುಂಟೆಂದು ಈಗ ತಿಳಿದಿದೆ. ದೇಹವು ಒಂದು ದಿನ ಅದರ ಗುರುತು ಹಿಡಿದು ಹೊರಗಟ್ಟುತ್ತದೆ. ಮಕ್ಕಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ನರಹುಲಿಗಳು ಎರಡು ವರ್ಷದೊಳಗೆ ಯಾವ ಔಷಧವೂ ಇಲ್ಲದೆ ಹೋಗುತ್ತವೆ. ರಾಯಭಾರಿಯ ಹೆಂಡತಿಗೂ ನಮ್ಮೂರಿನ ಮಂತ್ರವಾದಿಗೂ ಕೀರ್ತಿ ತಂದುಕೊಟ್ಟದ್ದು ಈ ಲೆಕ್ಕವೇ. ನರಹುಲಿಗೆ ‘ಬೇರು’ ಇಲ್ಲವೆಂದೂ ಆಮೇಲೆ ಗೊತ್ತಾಯಿತು. ಅದು ಚರ್ಮದ ಮೇಲಿನ ಪದರದಲ್ಲೇ ಇರುತ್ತದೆ. ಆಳವಾಗಿ ಅಗೆದರೆ ಲಾಭವಿಲ್ಲ, ಕಲೆ ಮಾತ್ರ ಖಂಡಿತ.

ಹತ್ತೊಂಬತ್ತನೆಯ ಶತಮಾನದಲ್ಲಿ ವೈದ್ಯನ ಕೈಗೆ ಹೊಸ ಉಪಕರಣಗಳು ಒಂದರ ಹಿಂದೆ ಒಂದು ಬಂದವು. ೧೮೫೪ರಲ್ಲಿ ಬ್ರೆಸ್ಲೌ ನಗರದ ಮಿಡ್ಡೆಲ್‌ಡಾರ್ಫ್ ವಿದ್ಯುತ್ತಿನಿಂದ ಕೆಂಪಗೆ ಕಾಯುವ ಪ್ಲಾಟಿನಂ ತಂತಿಯಿಂದ ಗಂಟುಗಳನ್ನು ಸುಡುವ ವಿಧಾನದ ಮೇಲೆ ಗ್ರಂಥ ಬರೆದ. ಅದು ಸುಶ್ರುತನ ಶಲಾಕೆಯೇ. ಒಲೆ ಮಾತ್ರ ಬೇರೆ. ೧೮೮೪ರಲ್ಲಿ ಕಾರ್ಲ್ ಕಾಲ್ಲರ್ ಕೊಕೇನಿನಿಂದ ಕಣ್ಣನ್ನು ಮರಗಟ್ಟಿಸಿ ತೋರಿಸಿದ ಮೇಲೆ ಕುಯ್ಯುವ ಜಾಗವನ್ನಷ್ಟೇ ಮರಗಟ್ಟಿಸುವುದು ಸಾಧ್ಯವಾಯಿತು. ೧೮೯೧ರಲ್ಲಿ ದಾರ್ಸೊನ್ವಾಲ್ ಎಂಬ ಫ್ರೆಂಚ್ ವಿಜ್ಞಾನಿ, ಬಹಳ ವೇಗವಾಗಿ ದಿಕ್ಕು ಬದಲಿಸುವ ವಿದ್ಯುತ್ತು ಮೈಯಲ್ಲಿ ಹರಿದರೂ ಸ್ನಾಯುಗಳನ್ನು ಅದುರಿಸುವುದಿಲ್ಲವೆಂದು ಕಂಡುಕೊಂಡ. ಇಂದು ಅನೇಕ ಚಿಕಿತ್ಸಾಲಯಗಳಲ್ಲಿ ಲೇಖನಿಯ ಹಾಗೆ ಹಿಡಿದು ಕೆಲಸ ಮಾಡುವ ರೇಡಿಯೋ ಅಲೆಯ ಯಂತ್ರ ಆ ವಂಶದ್ದು.

ಬೆಂಕಿಯ ಎದುರು ಹಿಮವೂ ನಿಂತಿತು. ಬ್ರೈಟನ್ನಿನ ಜೇಮ್ಸ್ ಆರ್ನಾಟ್ ಮಂಜುಗಡ್ಡೆಗೆ ಉಪ್ಪು ಬೆರೆಸಿ ಗಂಟುಗಳನ್ನು ಹೆಪ್ಪುಗಟ್ಟಿಸುವ ಉಪಕರಣವನ್ನು ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಇಟ್ಟ. ೧೮೯೯ರಲ್ಲಿ ನ್ಯೂಯಾರ್ಕಿನ ಕ್ಯಾಂಪ್‌ಬೆಲ್ ವೈಟ್ ದ್ರವರೂಪಕ್ಕೆ ತಂದ ಗಾಳಿಯನ್ನು ಹತ್ತಿಯಲ್ಲಿ ಅದ್ದಿ ನರಹುಲಿ, ಮಚ್ಚೆಗಳಿಗೆ ಮುಟ್ಟಿಸಿದ. ೧೯೦೭ರಲ್ಲಿ ಷಿಕಾಗೋದ ವಿಲಿಯಂ ಪ್ಯೂಸಿ ಇಂಗಾಲಾಮ್ಲ ಅನಿಲದ ಹಿಮವನ್ನು ಬಳಸಿ, ಒಬ್ಬ ಹುಡುಗಿಯ ಮುಖದ ಮೇಲಿದ್ದ ದೊಡ್ಡ ಕೂದಲು ಮಚ್ಚೆಯನ್ನು ತಿಳಿಗೊಳಿಸಿದ. ಈಗ ಬಳಕೆಯಲ್ಲಿರುವುದು ಶೂನ್ಯಕ್ಕಿಂತ ೧೯೬ ಡಿಗ್ರಿ ಕೆಳಗಿರುವ ದ್ರವ ನೈಟ್ರೊಜನ್. ೧೯೫೦ರಲ್ಲಿ ಆಲಿಂಗ್ಟನ್ ಎಂಬ ಅಮೆರಿಕದ ವೈದ್ಯ ಅದನ್ನು ಚರ್ಮಕ್ಕೆ ತಂದ. ನಮ್ಮ ಪಶುವೈದ್ಯ ಶಾಲೆಗಳಲ್ಲಿ ಹೋರಿಯ ವೀರ್ಯವನ್ನು ಕಾಪಾಡುವುದು ಇದೇ ದ್ರವದ ಕ್ಯಾನುಗಳಲ್ಲಿ. ಹಸುವಿಗೆ ಕರುವನ್ನು ಕೊಡಿಸುವ ದ್ರವ ಮನುಷ್ಯನ ನರಹುಲಿಯನ್ನು ಕೊಲ್ಲುತ್ತದೆ!

ಈ ಉತ್ಸಾಹದ ನಡುವೆ ಒಂದು ಮಗುವನ್ನು ನಾವು ಮರೆಯಬಾರದು. ಕ್ಷ-ಕಿರಣ ಕಂಡುಹಿಡಿದು ಒಂದೇ ವರ್ಷವಾಗಿತ್ತು. ೧೮೯೬ರಲ್ಲಿ ವಿಯೆನ್ನಾದ ಲಿಯೋಪೋಲ್ಡ್ ಫ್ರಾಯಿಂಡ್ ಎಂಬ ವೈದ್ಯ ಐದು ವರ್ಷದ ಒಬ್ಬ ಹುಡುಗಿಯ ಬೆನ್ನನ್ನು ಆವರಿಸಿದ್ದ ಕೂದಲು ಮಚ್ಚೆಯ ಮೇಲೆ ಆ ಕಿರಣಗಳನ್ನು ದಿನದಿನವೂ ಹಾಯಿಸಿದ. ಕೂದಲು ಉದುರಿತು, ವೈದ್ಯಲೋಕ ಬೆರಗಾಯಿತು. ಆಮೇಲೆ ಬೆನ್ನಿನಲ್ಲಿ ಹುಣ್ಣಾಯಿತು. ಅದು ಬಹುಕಾಲ ಮಾಯಲಿಲ್ಲ. ಅವಳು ಬದುಕಿ ಬಾಳಿದಳು, ನಿಜ. ಆದರೆ ಎಪ್ಪತ್ತು ವರ್ಷಗಳ ಬಳಿಕ ವೈದ್ಯರು ಮತ್ತೆ ಪರೀಕ್ಷಿಸಿದಾಗಲೂ ಆ ಗಾಯದ ಕಲೆ ಅಲ್ಲೇ ಇತ್ತು. ನರಹುಲಿ, ಮೊಡವೆ, ಬೇಡದ ಕೂದಲು ಎಲ್ಲಕ್ಕೂ ಕ್ಷ-ಕಿರಣವನ್ನು ಹಾಯಿಸುವ ಪದ್ಧತಿ ಮುಂದೆ ಹಲವು ದಶಕ ನಡೆಯಿತು; ಕೆಲವರಿಗೆ ವರ್ಷಗಳ ಮೇಲೆ ಅದೇ ಜಾಗದಲ್ಲಿ ಕ್ಯಾನ್ಸರ್ ಬಂದಿತು. ಅರಿಯದವನ ಕೈಯ ಕ್ಷಾರವನ್ನು ಕುರಿತು ಸುಶ್ರುತಸಂಹಿತೆ ಕೊಟ್ಟ ಎಚ್ಚರಿಕೆ ಸುಣ್ಣ ಸೋಡಾದವರಿಗೆ ಮಾತ್ರ ಎಂದುಕೊಳ್ಳಬೇಕಾದ್ದಿಲ್ಲ.

ಲೇಸರಿನ ಕಥೆಯಲ್ಲಿ ಭಾರತೀಯರೊಬ್ಬರ ಪಾಲಿದೆ. ಬಾರಾಮತಿಯಲ್ಲಿ ಹುಟ್ಟಿ ಪುಣೆಯಲ್ಲಿ ಇಂಜಿನಿಯರಿಂಗ್ ಓದಿದ ಕುಮಾರ್ ಪಟೇಲರು ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೪ರಲ್ಲಿ ಇಂಗಾಲಾಮ್ಲ ಅನಿಲದ ಲೇಸರನ್ನು ರಚಿಸಿದರು. ಅದರ ಕಿರಣವನ್ನು ನೀರು ಹೀರಿಕೊಳ್ಳುತ್ತದೆ. ಚರ್ಮವಾದರೋ ಬಹುಪಾಲು ನೀರು. ಆದುದರಿಂದ ಗಂಟನ್ನು ಪದರಪದರವಾಗಿ ಆವಿ ಮಾಡಬಹುದು. ಪ್ಯೂಸಿ ಹೆಪ್ಪುಗಟ್ಟಿಸಲು ಬಳಸಿದ ಅನಿಲವೇ ಅರವತ್ತು ವರ್ಷದೊಳಗೆ ಸುಡುವ ಸಾಧನವಾದದ್ದು ವಿನೋದವಲ್ಲವೆ?

ಇಷ್ಟೆಲ್ಲವನ್ನೂ ಓದಿದ ಮೇಲೆ ನನಗೆ ತೋರುವುದು ಇದು: ತೆಗೆಯುವ ಕೆಲಸ ಎಂದೂ ಅಷ್ಟೊಂದು ಕಷ್ಟವಾಗಿರಲಿಲ್ಲ. ಸುಡು, ಕೊರೆ, ಕಟ್ಟು, ಕುಯ್ಯಿ. ಇವು ನಾಲ್ಕೂ ಹಳಬರಿಗೆ ಗೊತ್ತಿದ್ದವು. ಅವರಿಗೆ ಇಲ್ಲದಿದ್ದದ್ದು ತೆಗೆದದ್ದರ ಒಳಗನ್ನು ನೋಡುವ ಕಣ್ಣು. ೧೭೮೭ರಲ್ಲಿ ಲಂಡನ್ನಿನ ಪ್ರಸಿದ್ಧ ಶಸ್ತ್ರವೈದ್ಯ ಜಾನ್ ಹಂಟರ್ ಮೂವತ್ತೈದು ವರ್ಷದ ಒಬ್ಬನ ದವಡೆಯ ಬಳಿಯ ಗಂಟನ್ನು ತೆಗೆದು ಸೀಸೆಯಲ್ಲಿಟ್ಟ. ಅದು ಮಚ್ಚೆಯ ಬಣ್ಣದ ಜೀವಕೋಶಗಳಿಂದ ಹುಟ್ಟುವ ಮೆಲನೋಮ ಎಂಬ ಘೋರ ಕ್ಯಾನ್ಸರೆಂದು ಗೊತ್ತಾದದ್ದು ೧೯೬೮ರಲ್ಲಿ, ಸೀಸೆಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ. ನಡುವೆ ನೂರ ಎಂಬತ್ತು ವರ್ಷ ಕಳೆದಿದ್ದವು. ಈ ರೋಗಕ್ಕೆ ೧೮೦೬ರಲ್ಲಿ ‘ಮೆಲನೋಸ್’ ಎಂಬ ಹೆಸರಿಟ್ಟವನು ಸ್ಟೆತೊಸ್ಕೋಪಿನ ಲೆನೆಕ್. ಜೀವಂತ ಶರೀರದಿಂದ ಒಂದು ಚೂರನ್ನು ತೆಗೆದು ಪರೀಕ್ಷಿಸುವುದಕ್ಕೆ ‘ಬಯಾಪ್ಸಿ’ ಎಂಬ ಪದವನ್ನು ೧೮೭೯ರಲ್ಲಿ ಟಂಕಿಸಿದವನು ಎರ್ನೆಸ್ಟ್ ಬೆನಿಯೆ ಎಂಬ ಫ್ರೆಂಚ್ ವೈದ್ಯ. ಅವನು ಚರ್ಮವೈದ್ಯನೇ ಆಗಿದ್ದನೆಂಬುದು ಅನೇಕರಿಗೆ ತಿಳಿಯದು.

ನಮ್ಮ ಕಂದುಬಣ್ಣದ ಜನರಲ್ಲಿ ಮೆಲನೋಮ ಅಪರೂಪ. ಆದರೆ ಬಂದಾಗ ಅದು ಮುಖ ಬೆನ್ನುಗಳನ್ನು ಬಿಟ್ಟು ಅಂಗಾಲು, ಅಂಗೈ, ಉಗುರಿನ ಅಡಿಗಳನ್ನು ಹೆಚ್ಚಾಗಿ ಹಿಡಿಯುತ್ತದೆ. ಜಮೈಕಾದ ಗಾಯಕ ಬಾಬ್ ಮಾರ್ಲೆ ತನ್ನ ಕಾಲ್ಬೆರಳಿನ ಉಗುರಿನ ಕೆಳಗಿನ ಕಪ್ಪನ್ನು ಕಾಲ್ಚೆಂಡಿನ ಪೆಟ್ಟೆಂದು ತಿಳಿದಿದ್ದ. ರೋಗ ಗೊತ್ತಾದದ್ದು ೧೯೭೭ರಲ್ಲಿ, ತೀರಿಕೊಂಡದ್ದು ೧೯೮೧ರಲ್ಲಿ, ಮೂವತ್ತಾರನೆಯ ವಯಸ್ಸಿಗೆ. ನನ್ನ ಸೋದರತ್ತೆಯೊಬ್ಬರ ಹಿಮ್ಮಡಿಯಲ್ಲಿ ಇಂಥದೇ ಒಂದು ಕಪ್ಪು ಗಂಟು ಇತ್ತು. ಬರಿಗಾಲಿನಲ್ಲಿ ತೋಟ ಸುತ್ತುವ ಹೆಂಗಸು. ಮುಳ್ಳು ಮುರಿದು ಆದ ಆಣಿಯೆಂದು ಊರೆಲ್ಲ ಹೇಳಿತು. ಒಬ್ಬರು ಸುಣ್ಣ ಹಚ್ಚಿದರು, ಇನ್ನೊಬ್ಬರು ಬ್ಲೇಡಿನಿಂದ ಹೆರೆದರು. ಪಟ್ಟಣದಲ್ಲಿ ಒಬ್ಬ ವೈದ್ಯರು ಯಂತ್ರದಿಂದ ಸುಟ್ಟು ಕಳುಹಿಸಿದರು. ಸುಟ್ಟದ್ದು ಬೂದಿಯಾಯಿತು, ಪರೀಕ್ಷೆಗೆ ಏನೂ ಉಳಿಯಲಿಲ್ಲ. ಒಂದು ವರ್ಷದ ಮೇಲೆ ತೊಡೆಯ ಸಂದಿಯಲ್ಲಿ ಗೆಡ್ಡೆ ಕಾಣಿಸಿಕೊಂಡಾಗ ಕಾಲ ಮೀರಿತ್ತು.

ಕಳೆದ ವರ್ಷ ನನ್ನ ಬೆನ್ನಿನ ಮೇಲೆ ಮೇಣ ಮೆತ್ತಿದಂಥ ಒಂದು ಕಂದು ಗಂಟು ಎದ್ದಾಗ ಚರ್ಮವೈದ್ಯರಲ್ಲಿಗೆ ಹೋದೆ. ಅವರು ಕೈಯಲ್ಲಿ ಹಿಡಿಯುವ ದೀಪದ ಮಸೂರವನ್ನು ಅದರ ಮೇಲಿಟ್ಟು ಬಹಳ ಹೊತ್ತು ನೋಡಿದರು. ೧೯೮೫ರಲ್ಲಿ ನ್ಯೂಯಾರ್ಕಿನ ವೈದ್ಯರು ಜನರಿಗೆ ತಿಳಿಯುವಂತೆ ಹೇಳಿಕೊಟ್ಟ ನಾಲ್ಕು ಲಕ್ಷಣಗಳನ್ನು ನನಗೂ ಹೇಳಿದರು: ಮಚ್ಚೆಯ ಒಂದು ಅರ್ಧ ಇನ್ನೊಂದರಂತೆ ಇಲ್ಲದಿರುವುದು, ಅಂಚು ಕದಡಿರುವುದು, ಒಂದರಲ್ಲೇ ಹಲವು ಬಣ್ಣಗಳಿರುವುದು, ಅಗಲ ಆರು ಮಿಲಿಮೀಟರು ಮೀರಿರುವುದು. ಇವುಗಳ ಜೊತೆಗೆ, ಇತ್ತೀಚೆಗೆ ಬದಲಾಗುತ್ತಿದೆಯೇ ಎಂದೂ ಕೇಳಬೇಕಂತೆ.

“ನಿಮ್ಮದು ವಯಸ್ಸಿನ ಗಂಟು ಅಂತಲೇ ಕಾಣುತ್ತೆ ಮೇಷ್ಟ್ರೇ. ಆದರೂ ಬಣ್ಣ ಒಂದೇ ಸಮ ಇಲ್ಲ. ಸುಡೋದು ಬೇಡ, ಹೆರೆದು ತೆಗೆದು ಪರೀಕ್ಷೆಗೆ ಕಳಿಸೋಣ.”

“ನೋಯುತ್ತದೆಯೇ ಡಾಕ್ಟರ್?”

“ಸೂಜಿ ಚುಚ್ಚಿದ್ದು ಗೊತ್ತಾಗುತ್ತೆ, ಆಮೇಲೆ ಏನೂ ಇಲ್ಲ.”

ಹಾಗೆಯೇ ಆಯಿತು. ಸುಟ್ಟ ಬೂದಿಯೂ ಇಲ್ಲ, ನೂರು ಅಕ್ಷರವೂ ಇಲ್ಲ; ಐದು ನಿಮಿಷದಲ್ಲಿ ಅದು ಫಾರ್ಮಲಿನ್ ತುಂಬಿದ ಚಿಕ್ಕ ಸೀಸೆಯಲ್ಲಿ ತೇಲುತ್ತಿತ್ತು. ಸೀಸೆಯ ಮೇಲೆ ನನ್ನ ಹೆಸರು, ವಯಸ್ಸು, ಬೆನ್ನಿನ ಯಾವ ಭಾಗ ಎಂಬುದನ್ನು ನರ್ಸಮ್ಮ ಬರೆದು ಅಂಟಿಸಿದರು. ವಾರದ ಮೇಲೆ ವರದಿ ಬಂದಿತು, ಭಯವಿಲ್ಲವೆಂದು. ತೆಗೆದದ್ದಕ್ಕಿಂತ ನೋಡಿದ್ದಕ್ಕೇ ಹೆಚ್ಚು ಹಣವಾಗಿತ್ತು. ನಾನು ಚೌಕಾಸಿ ಮಾಡಲಿಲ್ಲ.